ಎಡವುವ ಪಾಠ

ಪ್ರತಿಭೆ ಹುಡುಕುತ್ತೇವೆಂದು ಓಣಿ ಓಣಿ ಅಲೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನನ್ನ ಹೊಟ್ಟೆ ತುಂಬುವುದು ಅವರ ದಡ್ಡತನದಿಂದಲೇ ಎನ್ನುವುದೂ ನಿಜ. ಆದರೆ ಹೊಟ್ಟೆ ತುಂಬಿಸುವವರನ್ನೆಲ್ಲ ತಲೆಯ ಮೇಲೆ ಹೊತ್ತು ಮೆರೆಸುತ್ತೇನೆ ಅಂತ ನಾನು ಯಾರಿಗೂ ಬರೆದುಕೊಟ್ಟಿಲ್ಲ.

ನಮ್ಮ ನಗರದಲ್ಲೊಂದು ದೊಡ್ಡ ಸಂಗೀತ ಶಾಲೆಯಿದೆ. ವರ್ಷಕ್ಕೊಮ್ಮೆ ಅದು ಮೂವರನ್ನು ನಮ್ಮಂಥವರ ಬೀದಿಗಳಿಗೆ ಕಳಿಸುತ್ತದೆ. ಅವರು ಮಕ್ಕಳನ್ನು ಸಾಲಾಗಿ ಕೂರಿಸಿ, ಹಾಡಿಸಿ, ಒಂದೇ ಒಂದು ಮಗುವನ್ನು ಆರಿಸಿಕೊಂಡು ಹೋಗುತ್ತಾರೆ. ಆ ಮಗುವಿಗೆ ಏಳು ವರ್ಷ ಊಟ, ವಸತಿ, ಪಾಠ ಎಲ್ಲ ಶಾಲೆಯದೇ. ಷರತ್ತು ಎರಡು. ಮಗುವಿಗೆ ಹನ್ನೆರಡು ತುಂಬಿರಬಾರದು. ಯಾರ ಹತ್ತಿರವೂ ಕಲಿತಿರಬಾರದು. 'ಯಾರ ಕೈಯೂ ತಾಗದ ಕಂಠ' ಎಂದು ಅವರ ಭಿತ್ತಿಪತ್ರದಲ್ಲಿ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನನ್ನಂಥ ಬೀದಿಬದಿಯ ಟೀಚರುಗಳ ಕೈ ತಾಗಿದರೆ ಕಂಠ ಮೈಲಿಗೆಯಾಗುತ್ತದಂತೆ. ಮೊದಲು ಮುಟ್ಟುವ ಪುಣ್ಯ ಅವರಿಗೇ ಬೇಕು.

ಸರಿ, ಬೇಕಾದರೆ ತಗೊಳ್ಳಿ ಎಂದು ನಾನು ಒಂದು ಕಸುಬು ಶುರುಮಾಡಿದೆ. ಕಲಿಯದವರ ಹಾಗೆ ಹಾಡುವುದನ್ನು ಕಲಿಸುವ ಕಸುಬು. ಸೈಕಲ್ ರಿಪೇರಿ ಅಂಗಡಿಯ ಮೇಲೆ ನನ್ನ ಎರಡು ಕೋಣೆಗಳಿವೆ. ಬಾಗಿಲಿನ ಮೇಲೆ 'ಹೊಲಿಗೆ ತರಗತಿ' ಎಂಬ ಬೋರ್ಡಿದೆ. ಸಂಗೀತ ಎಂದು ಬರೆದರೆ ಮಕ್ಕಳ ಕಥೆ ಮುಗಿದಂತೆ. ಎದುರು ಮನೆಯಾಕೆ ಎರಡು ವರ್ಷದಿಂದ ಕಿಟಕಿಯ ಪರದೆ ಹೊಲಿಸಿಕೊಡಿ ಎಂದು ಬೆನ್ನು ಬಿದ್ದಿದ್ದಾಳೆ. ನಾನು ಮೆಷಿನ್ನು ಕೆಟ್ಟಿದೆ ಎನ್ನುತ್ತಲೇ ಬಂದಿದ್ದೇನೆ.

ನಾನು ಏನು ಕಲಿಸುತ್ತೇನೆ ಅಂದರೆ, ಮೊದಲು ಕೈ. ಕಲಿತ ಮಗುವಿನ ಕೈ ತೆಪ್ಪಗಿರುತ್ತದೆ. ಕಲಿಯದ ಮಗುವಿಗೆ ಕೈ ಎಲ್ಲಿಡಬೇಕೆಂದು ಗೊತ್ತಿರುವುದಿಲ್ಲ ಎಂದು ಆ ಮೂವರು ನಂಬಿದ್ದಾರೆ. ಆದ್ದರಿಂದ ಅಂಗಿಯ ಅಂಚು ತಿರುಚುವುದನ್ನು ಹೇಳಿಕೊಡುತ್ತೇನೆ. ಆಮೇಲೆ ಪದದ ನಡುವೆ ಉಸಿರು ತೆಗೆದುಕೊಳ್ಳುವುದು. ಸ್ವರದ ಹೆಸರು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಎಡವುವುದು. ಹಾಡು ತುತ್ತತುದಿಗೆ ಏರುವ ಜಾಗದಲ್ಲಿ ದನಿ ಒಂದಿಷ್ಟು ಒಡೆದು, ಅಳು ಬಂದಂತಾಗಿ, ಮತ್ತೆ ಸಾವರಿಸಿಕೊಳ್ಳಬೇಕು. ಆ ಎಡವು ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಬಿದ್ದರೆ ಮೂವರೂ ಕರಗಿ ನೀರು. ಹೋದ ವರ್ಷದವರೆಗಿನ ಒಂಬತ್ತು ವರ್ಷದಲ್ಲಿ ಅವರು ಆರಿಸಿಕೊಂಡ ಒಂಬತ್ತು ಮಕ್ಕಳಲ್ಲಿ ಏಳು ನನ್ನವೇ. ಏಳೂ ಯಾರ ಕೈಯೂ ತಾಗದ ಕಂಠಗಳು.

ಈ ಮೂವರನ್ನೂ ಒಮ್ಮೆ ಪರಿಚಯಿಸಿಬಿಡುತ್ತೇನೆ. ಯಜಮಾನನನ್ನು ನಾನು ಕರ್ಚೀಫು ಎಂದು ಕರೆಯುತ್ತೇನೆ. ಮಗು ಎಡವಿದ ಕೂಡಲೇ ಅವನ ಕೈ ಜೇಬಿಗೆ ಹೋಗಿ, ಕರ್ಚೀಫು ಹೊರಬಂದು, ಕಣ್ಣಿನ ಮೂಲೆಗೆ ತಾಗುತ್ತದೆ. ಕಣ್ಣೀರು ಬಂದಿರುತ್ತದೋ ಇಲ್ಲವೋ, ಕರ್ಚೀಫಂತೂ ಬಂದೇ ಬರುತ್ತದೆ. ಈ ಮನುಷ್ಯ ಚಿಕ್ಕವನಿದ್ದಾಗ ಹಾಡಿನ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಅವನ ಶ್ರುತಿ ಸದಾ ಜಾರುತ್ತಿತ್ತು; ಅವನಿಗೆ ಆನಿಕೆಯಾಗಲಿ ಎಂದೇ ಮೇಷ್ಟ್ರು ನನ್ನನ್ನು ಅವನ ಪಕ್ಕ ಕೂರಿಸಿದ್ದರು. ಶ್ರುತಿ ನಿಲ್ಲದವನು ಕೊನೆಗೆ ಬೇರೆಯವರ ಶ್ರುತಿ ನೋಡುವ ಕೆಲಸ ಹಿಡಿದ. ಎರಡನೆಯವಳು ಟಿಪ್ಪಣಿಯಮ್ಮ. ಮಗು ಬಾಯಿ ತೆರೆಯುವ ಮೊದಲೇ ಪುಸ್ತಕದಲ್ಲಿ ಬರೆಯತೊಡಗುತ್ತಾಳೆ. ಏನು ಬರೆಯುತ್ತಾಳೋ ಅವಳಿಗೇ ಗೊತ್ತು. ಮೂರನೆಯವನು ಕ್ಯಾಮೆರಾ ಹಿಡಿದವನು. ಅವನಿಗೆ ಹಾಡು ಕೇಳಿಸುವುದೇ ಇಲ್ಲ, ಮಗುವಿನ ಚಪ್ಪಲಿ ಹರಿದಿದೆಯೇ ಎಂಬುದಷ್ಟೇ ಕಾಣುತ್ತದೆ. ಹರಿದ ಚಪ್ಪಲಿಯ ಹತ್ತಿರ ಕ್ಯಾಮೆರಾ ಎರಡು ನಿಮಿಷ ನಿಲ್ಲುತ್ತದೆ.

ಹೋದ ವರ್ಷದ ಆಯ್ಕೆ ಮುಗಿದು ಮೂರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಒಬ್ಬಳು ಹೆಂಗಸು ಮಗಳ ಕೈ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಮಣಿಕಟ್ಟಿನ ಮೇಲೆ ಸಾಲು ಸಾಲು ಸುಟ್ಟ ಗಾಯ. ದನಿ ಒಡೆದ ಮಡಕೆಯಂತಿತ್ತು. ಹದಿನಾರು ವರ್ಷ ಆ ಹಬೆಯಲ್ಲಿ ನಿಂತರೆ ಇನ್ನು ಹೇಗಿರುತ್ತದೆ. ಮಗಳಿಗೆ ಹನ್ನೊಂದು. ಮಾತು ಕಡಿಮೆಯಾದ್ದರಿಂದ ಓಣಿಯವರೆಲ್ಲ ಅವಳನ್ನು ಮೂಗಿ ಎಂದೇ ಕರೆಯುತ್ತಿದ್ದರು. ತಾಯಿಯೂ ಹಾಗೇ ಕರೆದಳು.

ನಾನು ಹೊಲಿಗೆಗೋ ಎಂದು ಕೇಳಿದೆ. ಹೊಸಬರನ್ನು ಹಾಗೇ ಪರೀಕ್ಷಿಸುವುದು ನನ್ನ ಪದ್ಧತಿ.

"ಹೊಲಿಗೆಗಲ್ಲ ಟೀಚರ್. ಹೋದ ಸಲ ಅವರು ಬಂದಿದ್ರಲ್ಲ, ಇವಳನ್ನ ಕರ್ಕೊಂಡು ಹೋಗಿದ್ದೆ. ಇವಳ ಹಾಡು ಕೇಳಿ, ಇವಳಿಗೆ ಯಾರೋ ಚೆನ್ನಾಗಿ ಕಲಿಸಿದಾರೆ, ನಮಗೆ ಮೋಸ ಮಾಡ್ಬೇಡಿ ಅಂತ ವಾಪಸ್ ಕಳಿಸಿದ್ರು. ಯಾರೂ ಕಲಿಸಿಲ್ಲ ಟೀಚರ್. ನಮಗೆ ಕಲಿಸೋರು ಯಾರಿದಾರೆ?"

"ಮತ್ತೆ ನನ್ನ ಹತ್ರ ಯಾಕೆ ಬಂದೆ?"

"ಕಲೀದೇ ಇರೋರ ಥರ ಹಾಡೋದನ್ನ ಕಲಿಸಿ."

ನನಗೆ ನಗು ತಡೆಯಲಾಗಲಿಲ್ಲ. ಮೊದಲು ಹಾಡಲಿ ನೋಡೋಣ ಎಂದೆ. ತಾಯಿಯ ತಾಯಿ ಹೇಳುತ್ತಿದ್ದ ಒಂದು ಲಾಲಿಯನ್ನು ಹುಡುಗಿ ಹಾಡಿದಳು. ನಾಲ್ಕೇ ಸಾಲಿನ ಹಾಡು. ಮೂರನೆಯ ಸಾಲು ಮೇಲಕ್ಕೆ ಹೋಗುತ್ತದೆ. ಅಲ್ಲಿ ಎಂಥವರೂ ಒಂಚೂರು ಏಣಿ ಹಾಕಿಕೊಂಡೇ ಹತ್ತುತ್ತಾರೆ. ಮೂಗಿ ಹತ್ತಲಿಲ್ಲ. ಅವಳು ಆಗಲೇ ಮೇಲಿದ್ದಳು. ಗಂಟಲ ನರ ಒಂದೂ ಉಬ್ಬಲಿಲ್ಲ, ಕೈಗಳು ತಮ್ಮಷ್ಟಕ್ಕೆ ತಾವು ಇಳಿಬಿದ್ದಿದ್ದವು. ನಾನು ಎದ್ದು ಒಲೆಯ ಹತ್ತಿರ ಹೋಗಿ ಸುಮ್ಮನೆ ಒಂದು ಪಾತ್ರೆಯಲ್ಲಿ ನೀರಿಟ್ಟೆ. ನನ್ನ ಮುಖ ಅವರಿಗೆ ಕಾಣುವುದು ನನಗೆ ಬೇಕಿರಲಿಲ್ಲ. ನಲವತ್ತು ವರ್ಷದಿಂದ ಹಾಡು ಕೇಳುತ್ತಿದ್ದೇನೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಅದರ ಬೆನ್ನಿಗೇ ಸಿಟ್ಟು ಬಂತು. ಕಿವಿಯನ್ನೇ ಬಂಡವಾಳ ಮಾಡಿಕೊಂಡ ಮೂರು ಜನ, ಒಬ್ಬ ಬೆಪ್ಪ, ಒಬ್ಬಳು ಬೆಪ್ಪಿ, ಇನ್ನೊಬ್ಬ ಹರಿದ ಚಪ್ಪಲಿಯ ಭಕ್ತ, ಇಂಥದ್ದು ಎದುರಿಗೆ ಬಂದು ನಿಂತಾಗ ಮೋಸ ಅಂದರಲ್ಲ. ಯಾಕೆ ಹಾಗಂದರು ಎಂಬುದು ನೀರು ಕುದಿಯುವುದರೊಳಗೆ ನನಗೆ ಹೊಳೆಯಿತು. ಒಂಬತ್ತು ವರ್ಷ ನನ್ನ ಮಕ್ಕಳನ್ನೇ ಕೇಳಿ ಕೇಳಿ, ಕಲಿಯದ ಕಂಠ ಅಂದರೆ ಎಡವುವ ಕಂಠ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ನಿಜವಾಗಿ ಕಲಿಯದ ಹುಡುಗಿ ಎಡವಲಿಲ್ಲ, ಆದ್ದರಿಂದ ಅವಳು ಕಳ್ಳಿ. ಅವಳನ್ನು ವಾಪಸ್ ಕಳಿಸಿದ್ದರಲ್ಲಿ ನನ್ನ ಕೈಯೂ ಇತ್ತು ಅಂದ ಹಾಗಾಯಿತು. ನನಗೆ ಪಾಪಪ್ರಜ್ಞೆ ಕಾಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರನ್ನು ಇಷ್ಟು ಚೆನ್ನಾಗಿ ಕುರಿ ಮಾಡಿದೆನಲ್ಲ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಇದೇ ಕೊನೆಯ ಅವಕಾಶ ಎಂದಳು ತಾಯಿ. ಮುಂದಿನ ಆಯ್ಕೆ ಮುಗಿದ ಎರಡೇ ವಾರಕ್ಕೆ ಮೂಗಿಗೆ ಹನ್ನೆರಡು ತುಂಬುತ್ತದೆ. ಲಾಂಡ್ರಿಯ ಮೇಲ್ವಿಚಾರಕ ಈಗಾಗಲೇ ಹೇಳಿಯಾಗಿತ್ತಂತೆ, ಹುಡುಗಿಯನ್ನು ಮಡಿಸುವ ಮೇಜಿಗೆ ಹಾಕು ಎಂದು. ಮಡಿಸುವ ಮೇಜು ಇರುವುದು ಇಸ್ತ್ರಿ ರೋಲರುಗಳ ಪಕ್ಕದಲ್ಲೇ. "ನಾನೂ ಇವಳ ವಯಸ್ಸಲ್ಲಿ ಹಾಡ್ತಿದ್ದೆ ಟೀಚರ್," ಎಂದು ಆ ಒಡಕು ದನಿಯಲ್ಲಿ ಹೇಳಿದಳು. ಅದಕ್ಕಿಂತ ಹೆಚ್ಚಿಗೆ ಅವಳು ಹೇಳಬೇಕಾಗಿರಲಿಲ್ಲ.

ಆದ್ದರಿಂದ ಒಪ್ಪಿಕೊಂಡೆ. ಈ ಗಂಟಲನ್ನು ಹಬೆಯಿಂದ ಉಳಿಸಬೇಕಾದರೆ ಆ ಶಾಲೆಯೊಳಗೆ ತಳ್ಳಬೇಕು. ಒಳಗೆ ತಳ್ಳಬೇಕಾದರೆ ಅವಳು ಎಡವಬೇಕು. ಆಮೇಲೆ ಎಡವುವುದನ್ನು ಬಿಟ್ಟರಾಯಿತು. ನನ್ನ ಲೆಕ್ಕ ಅಷ್ಟೇ ಇತ್ತು.

ಪಾಠ ಎಂಟು ತಿಂಗಳು ನಡೆಯಿತು. ಮಿಕ್ಕ ಮಕ್ಕಳಿಗೆ ಎಡವಲು ಹೇಳಿಕೊಡುವುದು ಸುಲಭ. ಅವು ಹೇಗೂ ಎಲ್ಲೋ ಒಂದು ಕಡೆ ಎಡವುತ್ತಿರುತ್ತವೆ, ಅದನ್ನೇ ತಂದು ಸರಿಯಾದ ಜಾಗದಲ್ಲಿ ಕೂರಿಸಿದರೆ ಸಾಕು. ಮೂಗಿಯ ಗಂಟಲಿಗೆ ತಪ್ಪು ಎಂದರೇನೆಂದೇ ಗೊತ್ತಿರಲಿಲ್ಲ. ದನಿ ಒಡೆ ಎಂದರೆ ನಿಲ್ಲಿಸಿಬಿಡುತ್ತಿದ್ದಳು. ಅಳು ತಾ ಎಂದರೆ ಮುಖ ಅಳುತ್ತಿತ್ತು, ದನಿ ಅಳುತ್ತಿರಲಿಲ್ಲ. ಎರಡು ತಿಂಗಳು ಹೀಗೇ ಹೆಣಗಿದ ಮೇಲೆ ಒಂದು ದಿನ ಅವಳು ಬಾಯಿ ಬಿಟ್ಟು ಕೇಳಿದಳು.

"ಅಲ್ಲಿ ಏನೂ ತಪ್ಪಿಲ್ಲ ಅಲ್ವಾ ಟೀಚರ್. ಯಾಕೆ ತಪ್ಪು ಮಾಡ್ಬೇಕು?"

"ಕತ್ತೆಗಳ ಮುಂದೆ ಹಾಡೋವಾಗ ಕತ್ತೆಗಳ ಕಿವಿ ನೋಡ್ಕೊಂಡೇ ಹಾಡ್ಬೇಕಮ್ಮ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೆ ಟೀಚರ್ ಹೇಳಿದ ಮೇಲೆ ಮುಗಿಯಿತು. ಅವಳು ಅಂಥ ಹುಡುಗಿ.

ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಅವಳನ್ನು ಸೈಕಲ್ ಅಂಗಡಿಯಿಂದ ನನ್ನ ಬಾಗಿಲವರೆಗೆ ಮೆಟ್ಟಿಲು ಹತ್ತಿಸಿದೆ, ಓಡಿಸಿಕೊಂಡೇ. ಮೇಲೆ ಬಂದ ಕೂಡಲೇ ಮೂರನೆಯ ಸಾಲು ಹಾಡಿಸಿದೆ. ಉಸಿರು ಸಾಲದೆ ದನಿ ತಾನಾಗಿ ಒಡೆಯಿತು. ಹಾಂ, ಅದೇ, ಈಗ ಗಂಟಲಲ್ಲಿ ಏನಾಯಿತೋ ಅದನ್ನು ಹಿಡಿದಿಟ್ಟುಕೋ ಎಂದೆ. ದಿನಕ್ಕೆ ಇಪ್ಪತ್ತು ಸಲ ಹತ್ತಿಸಿದೆ. ಆಮೇಲೆ ಹತ್ತು, ಆಮೇಲೆ ಐದು. ಐದನೆಯ ತಿಂಗಳ ಹೊತ್ತಿಗೆ ಮೆಟ್ಟಿಲೇ ಬೇಕಾಗಲಿಲ್ಲ. ಕುರ್ಚಿಯ ಮೇಲೆ ತಣ್ಣಗೆ ಕೂತ ಹುಡುಗಿ ಮೂರನೆಯ ಸಾಲಿಗೆ ಹೋಗಿ ಎಷ್ಟು ಬೇಕೋ ಅಷ್ಟೇ ಎಡವಿ ಬಂದಳು. ಏಳು ಮಕ್ಕಳಲ್ಲಿ ಒಬ್ಬರಿಗೂ ಅದು ಹಾಗೆ ಕೂತಿರಲಿಲ್ಲ. ನಾನು ಶಭಾಷ್ ಎಂದು ಅವಳ ಕೆನ್ನೆ ಹಿಂಡಿದೆ. ಅವಳು ನನ್ನೆದುರು ನಕ್ಕದ್ದು ಅವತ್ತೇ ಮೊದಲು.

ಈಗ ಯೋಚಿಸಿದರೆ, ನಾನು ಅವಳನ್ನು ಹೊಗಳಿದ್ದು ಆ ಎಡವಿಗೆ ಮಾತ್ರ. ಉಳಿದ ಮೂರು ಸಾಲು ಅವಳು ಎಷ್ಟು ಚೆಂದ ಹಾಡಿದರೂ ನನ್ನಿಂದ ಒಂದು ಹೂಂ ಕೂಡ ಹೊರಡುತ್ತಿರಲಿಲ್ಲ. ಸರಿಯಾಗಿರುವುದರಲ್ಲಿ ಹೇಳಿಕೊಡುವುದೇನಿದೆ, ಹೊಗಳುವುದೇನಿದೆ ಎಂದುಕೊಂಡಿದ್ದೆ. ತಾಯಿ ವಾರಕ್ಕೊಮ್ಮೆ ಬಂದು ಮೂಲೆಯಲ್ಲಿ ಕೂತು ಕೇಳಿ, ನನ್ನ ಬಟ್ಟೆಗಳನ್ನು ಇಸ್ತ್ರಿಗೆ ಒಯ್ಯುತ್ತಿದ್ದಳು. ನನ್ನ ಹಳೆಯ ಸೀರೆಗಳು ಮಂತ್ರಿಗಳ ಮನೆಯ ಪರದೆಯಂತೆ ಗರಿಗರಿಯಾಗಿದ್ದದ್ದು ಆ ಎಂಟು ತಿಂಗಳು ಮಾತ್ರ.

ಆಯ್ಕೆ ನಡೆದದ್ದು ಹಳೆಯ ಗ್ರಂಥಾಲಯದ ಓದುವ ಕೋಣೆಯಲ್ಲಿ. ಪತ್ರಿಕೆಗಳ ಸ್ಟ್ಯಾಂಡುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ನಡುವೆ ಒಂದು ಮೇಜು, ಮೂರು ಕುರ್ಚಿ ಹಾಕಿದ್ದರು. ನಲವತ್ತೆರಡು ಮಕ್ಕಳು ಬಂದಿದ್ದರು. ನಾನು ಮೂಗಿಯ ಸೋದರತ್ತೆ ಎಂದು ಹೇಳಿಕೊಂಡು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತೆ. ತಾಯಿಗೆ ಅವತ್ತು ರಜೆ ಸಿಕ್ಕಿರಲಿಲ್ಲ.

ಕರ್ಚೀಫು ಹುಡುಗಿಯ ಮುಖ ನೋಡಿದ. ಹೋದ ವರ್ಷ ಮೋಸ ಎಂದು ಅಟ್ಟಿದ ಮುಖ ಅವನಿಗೆ ನೆನಪೇ ಇರಲಿಲ್ಲ. ಟಿಪ್ಪಣಿಯಮ್ಮನ ಪುಸ್ತಕದಲ್ಲೂ ಇರಲಿಲ್ಲ. ಮತ್ತೆ ಅಷ್ಟೆಲ್ಲ ಏನು ಗೀಚುತ್ತಾಳೋ. ಇದು ಯಾವ ಸ್ವರ ಎಂದು ಕೇಳಿದರು. ಮೂಗಿ ಪಿಳಿಪಿಳಿ ಕಣ್ಣು ಬಿಟ್ಟಳು, ನಾನು ಹೇಳಿಕೊಟ್ಟಷ್ಟೇ ಹೊತ್ತು. ಹಾಡು ಎಂದರು. ಅಂಗಿಯ ಅಂಚು ತಿರುಚುತ್ತ ಶುರುಮಾಡಿದಳು. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿಗೆ ಟಿಪ್ಪಣಿಯಮ್ಮನ ಹುಬ್ಬು ಗಂಟಾಯಿತು. ದನಿ ಅವಳಿಗೆ ತೀರಾ ಶುದ್ಧವೆನಿಸಿರಬೇಕು. ನಾನು ಬೆಂಚಿನ ತುದಿಗೆ ಸರಿದೆ. ಮೂರನೆಯ ಸಾಲಿನಲ್ಲಿ ಮೂಗಿ ಎಡವಿದಳು.

ಕರ್ಚೀಫು ಹೊರಬಂತು. ಹುಬ್ಬಿನ ಗಂಟು ಬಿಚ್ಚಿತು. ಕ್ಯಾಮೆರಾದವನು ಚಪ್ಪಲಿ ಬಿಟ್ಟು ಮುಖಕ್ಕೆ ಬಂದ. ಇನ್ನೂ ಹದಿನೈದು ಮಕ್ಕಳ ಸರದಿ ಉಳಿದಿತ್ತು. ಅವರ ಹಾಡುಗಳನ್ನು ಆ ಮೂವರೂ ಬರಿ ತಲೆಯಾಡಿಸಿ ಮುಗಿಸಿದರು. ಆ ಹದಿನೈದರಲ್ಲಿ ಇನ್ನೊಬ್ಬಳು ಮೂಗಿ ಇದ್ದಳೋ ಏನೋ ಯಾರಿಗೆ ಗೊತ್ತು. ಸಂಜೆಯೊಳಗೆ ಹೆಸರು ಘೋಷಿಸಿಯೂ ಆಯಿತು.

ಹೊರಡುವ ಮುಂಚೆ ಕರ್ಚೀಫು ನನ್ನ ಬೆಂಚಿನ ಹತ್ತಿರವೇ ಬಂದ. ಆರು ವರ್ಷ ಪಕ್ಕದಲ್ಲಿ ಕೂತವಳ ಗುರುತು ಅವನಿಗೆ ಎಳ್ಳಷ್ಟೂ ಸಿಗಲಿಲ್ಲ.

"ನೀವು ಹುಡುಗಿಯ ಅತ್ತೆ ಅಲ್ವಾ? ಮನೇಲಿ ಯಾರೂ ಏನೂ ಕಲಿಸಿಲ್ಲ ತಾನೆ?"

"ನಮಗೇನು ಗೊತ್ತು ಸಾರ್, ನಾವು ಹೊಲಿಗೆಯವರು."

"ಒಳ್ಳೇದಾಯ್ತು. ಕಲಿಸಿದ್ರೆ ಹಾಳಾಗ್ತಿತ್ತು. ಮೇಲೆ ಹೋದಾಗ ದನಿ ಹಂಗೆ ಒಡೀತದಲ್ಲ, ಅದು ಹುಟ್ಟಿನಿಂದ ಬಂದಿದ್ದು. ಅದನ್ನ ಯಾರೂ ಮುಟ್ಟಬಾರದು. ನಾವೂ ಮುಟ್ಟಲ್ಲ. ಏಳು ವರ್ಷ ಅದನ್ನ ಹಂಗೇ ಕಾಪಾಡ್ತೀವಿ."

ಹೂಂ ಸಾರ್ ಎಂದು ತಲೆ ಬಗ್ಗಿಸಿದೆ, ನಗು ಕಾಣದಿರಲಿ ಎಂದು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ನೆನೆಸಿಕೊಂಡು ನಕ್ಕೆ. ಹುಟ್ಟಿನಿಂದ ಬಂದದ್ದಂತೆ. ಮೆಟ್ಟಿಲಿನಿಂದ ಬಂದದ್ದು ಕಣೋ ಎಂದು ಬಸ್ಸಿನಲ್ಲಿ ಗಟ್ಟಿಯಾಗಿಯೇ ಅಂದೆ; ಪಕ್ಕದ ಸೀಟಿನವರು ತಿರುಗಿ ನೋಡಿದರು. ಒಂಬತ್ತು ವರ್ಷದಲ್ಲಿ ಅಂಥ ಗೆಲುವು ನನಗೆ ಸಿಕ್ಕಿರಲಿಲ್ಲ.

ಶಾಲೆಗೆ ಹೊರಡುವ ದಿನ ಮಧ್ಯಾಹ್ನ ತಾಯಿ ಮಗಳಿಬ್ಬರೂ ನನ್ನಲ್ಲಿಗೆ ಬಂದರು. ಹುಡುಗಿಯ ಕೈಯಲ್ಲಿ ಒಂದು ಚಿಕ್ಕ ಪೆಟ್ಟಿಗೆ, ತಾಯಿಯ ಕೈಯಲ್ಲಿ ಇಸ್ತ್ರಿಯಾದ ನನ್ನ ಬಟ್ಟೆಗಳು. "ಮೇಲ್ವಿಚಾರಕನಿಗೆ ಹೇಳಿಬಂದೆ, ನನ್ನ ಮಗಳು ಮಡಿಸೋಕೆ ಬರಲ್ಲ ಅಂತ," ಎಂದು ತಾಯಿ ಎರಡೆರಡು ಸಲ ಹೇಳಿದಳು. ನಾನು ಅವರನ್ನು ಕೂರಿಸಿ ಬಾಗಿಲು ಹಾಕಿದೆ.

ಇನ್ನು ಆ ಕತ್ತೆಗಳ ಕಾಟ ಮುಗಿಯಿತು, ಈಗ ನನಗೋಸ್ಕರ ಒಂದು ಸಲ ನೆಟ್ಟಗೆ ಹಾಡು ಎಂದು ಮೂಗಿಗೆ ಹೇಳಿದೆ. ಎಂಟು ತಿಂಗಳಿಂದ ಅದಕ್ಕಾಗಿ ಕಾದಿದ್ದೆ. ಮೊದಲ ದಿನ ಒಲೆಯ ಮುಂದೆ ಮುಖ ತಿರುಗಿಸಿ ನಿಂತು ಕೇಳಿದ್ದನ್ನು ಈ ಸಲ ಎದುರು ಕೂತು ಕೇಳಬೇಕೆಂದಿದ್ದೆ.

ಅವಳು ಹಾಡಿದಳು. ಮೂರನೆಯ ಸಾಲಿನಲ್ಲಿ ಎಡವಿದಳು.

ಅಭ್ಯಾಸಬಲ, ಇನ್ನೊಮ್ಮೆ ಹಾಡು, ಎಡವಬೇಡ ಎಂದೆ. ಮತ್ತೆ ಹಾಡಿದಳು, ಮತ್ತೆ ಅದೇ ಜಾಗ. ಉಸಿರು ತುಂಬ ತೆಗೆದುಕೋ ಎಂದೆ. ತೆಗೆದುಕೊಂಡಳು. ನಿಧಾನವಾಗಿ ಹಾಡು ಎಂದೆ. ಹಾಡಿದಳು. ಐದನೆಯ ಸಲಕ್ಕೆ ನನ್ನ ದನಿ ಏರಿತ್ತು.

"ಎಡವಬೇಡ ಅಂದೆನಲ್ಲ."

"ಎಡವ್ತಾ ಇಲ್ಲ ಟೀಚರ್," ಎಂದಳು ಮೂಗಿ. ನಾನು ಯಾಕೆ ಬೈಯುತ್ತಿದ್ದೇನೆಂದು ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. "ಅಲ್ಲಿ ಹಾಡು ಹಂಗೇ ಇರೋದು."

ಇಲ್ಲ, ನೀನು ಮೊದಲ ದಿನ ಬಂದಾಗ ಹೀಗೆ ಹಾಡಿದ್ದೆ ಎಂದು ನನ್ನ ಹಳೆಯ ದನಿಯಲ್ಲೇ ಆ ಸಾಲನ್ನು ನೆಟ್ಟಗೆ ಹಾಡಿ ತೋರಿಸಿದೆ. ಅವಳು ಮರ್ಯಾದೆಯಿಂದ ಕೇಳಿದಳು. ಕೇಳಿ ತಾಯಿಯ ಮುಖ ನೋಡಿದಳು. ಅದು ತಾಯಿಯ ತಾಯಿಯ ಹಾಡು; ತಾಯಿಯ ಮಾತೇ ಕೊನೆಯ ಮಾತು.

"ಇಲ್ಲ ಟೀಚರ್, ಹಂಗಲ್ಲ," ಎಂದಳು ತಾಯಿ, ನನ್ನ ತಪ್ಪು ತಿದ್ದಲು ಸಂಕೋಚಪಡುತ್ತ. "ನಮ್ಮಮ್ಮ ಹೇಳ್ತಿದ್ದಿದ್ದು ಹಿಂಗೆ." ಅವಳು ಆ ಒಡಕು ದನಿಯಲ್ಲಿ ಮೂರನೆಯ ಸಾಲನ್ನು ಗುನುಗಿದಳು. ಹಬೆ ಹಾಳುಮಾಡಿದ ಗಂಟಲು ತನ್ನ ಕೈಲಾದಷ್ಟು ಮೇಲೆ ಹೋಗಿ, ನಾನು ಅಳೆದು ಕೊಟ್ಟ ಜಾಗದಲ್ಲಿ, ಅಳೆದು ಕೊಟ್ಟಷ್ಟೇ ಎಡವಿತು. ಎಂಟು ತಿಂಗಳು ವಾರಕ್ಕೊಮ್ಮೆ ಮೂಲೆಯಲ್ಲಿ ಕೂತು ಕೇಳಿದ್ದಳಲ್ಲ.

ನಾನು ಬೈಗುಳ ಹುಡುಕಿದೆ. ಒಂಬತ್ತು ವರ್ಷ ಆ ಮೂವರಿಗೆ ಬಳಸಿದ ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅವರು ಅಲ್ಲಿರಲಿಲ್ಲ. ಅಲ್ಲಿದ್ದದ್ದು ಒಬ್ಬಳು ತಾಯಿ, ಒಬ್ಬಳು ಮಗಳು ಮತ್ತು ನಾನು.

ಬಸ್ಸಿಗೆ ಹೊತ್ತಾಯಿತೆಂದು ತಾಯಿ ಎದ್ದಳು. ಬಾಗಿಲು ತೆಗೆದುಕೊಟ್ಟೆ. ನಾಲ್ಕು ಮೆಟ್ಟಿಲು ಇಳಿದ ಮೇಲೆ ಮೂಗಿ ಪೆಟ್ಟಿಗೆ ಕೆಳಗಿಟ್ಟು ಮತ್ತೆ ಹತ್ತಿ ಬಂದಳು. "ಹುಟ್ಟಿನಿಂದ ನನಗೆ ಏನೂ ಬಂದಿರ್ಲಿಲ್ಲ, ಎಲ್ಲ ನೀವೇ ಕಲಿಸಿದ್ದು ಟೀಚರ್," ಎಂದು ನನ್ನ ಕೈ ಹಿಡಿದು ಹೇಳಿ, ಓಡಿಕೊಂಡು ಇಳಿದು ಹೋದಳು.